ಮಣ್ಣು ಮುಚ್ಚುವ ಮುನ್ನ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗ್ಯಾಸ್ ಪೈಪ್‌ಲೈನ್ ಕೆಲಸದಲ್ಲಿ ಮೇಲ್ವಿಚಾರಕನ ಹೊಣೆ ಏನು ಎಂಬ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ಇದು ವಾರ್ಷಿಕೋತ್ಸವಕ್ಕೆ ಹೊಂದುವ ವಿಷಯವೇ ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಗಲ್ಫಿನ ತೈಲ ಮತ್ತು ಅನಿಲದ ಸೈಟುಗಳಲ್ಲಿ ದುಡಿದ ಕೈಗಳಿಂದ. ಆ ಕೈಗಳಲ್ಲಿ ಹೆಚ್ಚಿನವು ಹೆಲ್ಪರ್, ಡ್ರೈವರ್, ಫಿಟ್ಟರುಗಳವು. ಇಂದು ನಮ್ಮ ಮಕ್ಕಳು ಐ.ಟಿ.ಐ., ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿದ್ದಾರೆ. ಅವರು ಅದೇ ಸೈಟುಗಳಿಗೆ ಸೂಪರ್‌ವೈಸರ್ ಆಗಿ, ಇನ್‌ಸ್ಪೆಕ್ಟರ್ ಆಗಿ ಹೋಗುತ್ತಾರೆ. ಸಭೆಯಲ್ಲಿ ಕುಳಿತಿರುವ ನೀವು, ನಾಳೆ ಈ ಮಾತುಗಳನ್ನು ಸಂಚಿಕೆಯಲ್ಲಿ ಓದುವ ನೀವು, ಸಹಿ ಹಾಕುವ ಸ್ಥಾನಕ್ಕೆ ಬರುವವರು. ಆದ್ದರಿಂದ ಆ ಸಹಿಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಈ ಕೆಲಸ ನೋಡಲು ಈಗ ಗಲ್ಫಿಗೇ ಹೋಗಬೇಕೆಂದಿಲ್ಲ. ಕೊಚ್ಚಿಯಿಂದ ಮಂಗಳೂರಿಗೆ ಬಂದ 450 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಒಂದು ಪೈಪಿನ ಉದ್ದ ಸುಮಾರು 12 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 83 ಪೈಪುಗಳು. ಇಡೀ ಮಾರ್ಗಕ್ಕೆ ಲೆಕ್ಕ ಹಾಕಿದರೆ 37 ಸಾವಿರಕ್ಕೂ ಹೆಚ್ಚು ವೆಲ್ಡಿಂಗ್ ಜಾಯಿಂಟುಗಳಾಗುತ್ತವೆ. ಅವುಗಳಲ್ಲಿ ಒಂದೇ ಒಂದು ಕೆಟ್ಟರೂ ಸಾಕು, ಉಳಿದ ಜಾಯಿಂಟುಗಳು ಚೆನ್ನಾಗಿವೆ ಎಂಬುದರಿಂದ ಆ ಜಾಗದ ಜನರಿಗೆ ಯಾವ ಪ್ರಯೋಜನವೂ ಇಲ್ಲ.

ಕೆಲಸದ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ಸರ್ವೆ. ನಂತರ ದಾರಿಯನ್ನು ಸಮತಟ್ಟು ಮಾಡಿ ಪೈಪುಗಳನ್ನು ಸಾಲಾಗಿ ಇಡುತ್ತಾರೆ. ಬೇಕಾದಲ್ಲಿ ಬಗ್ಗಿಸುತ್ತಾರೆ. ಆಮೇಲೆ ವೆಲ್ಡಿಂಗ್. ಜಾಯಿಂಟನ್ನು ಎಕ್ಸ್‌ರೇ ಅಥವಾ ಅಲ್ಟ್ರಾಸಾನಿಕ್ ವಿಧಾನದಿಂದ ಪರೀಕ್ಷಿಸುತ್ತಾರೆ. ಪೈಪಿಗೆ ಫ್ಯಾಕ್ಟರಿಯಲ್ಲೇ ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿರುತ್ತಾರೆ. ವೆಲ್ಡಿಂಗಿಗಾಗಿ ತುದಿಗಳನ್ನು ಮಾತ್ರ ಬರಿದಾಗಿ ಬಿಟ್ಟಿರುತ್ತಾರೆ. ಆ ಜಾಗಕ್ಕೆ ಸೈಟಿನಲ್ಲೇ ಹೊದಿಕೆ ಹಾಕಬೇಕು. ಬಳಿಕ ಹೆಚ್ಚು ವೋಲ್ಟೇಜಿನ ಒಂದು ಸ್ಪ್ರಿಂಗನ್ನು ಪೈಪಿನ ಉದ್ದಕ್ಕೂ ಉರುಳಿಸುತ್ತಾರೆ. ಇದಕ್ಕೆ ಹಾಲಿಡೇ ಟೆಸ್ಟ್ ಎನ್ನುತ್ತಾರೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕಿಡಿ ಹಾರಿ ಯಂತ್ರ ಕೂಗುತ್ತದೆ. ಆಮೇಲೆ ಪೈಪನ್ನು ಟ್ರೆಂಚಿಗೆ ಇಳಿಸಿ, ಕಲ್ಲಿಲ್ಲದ ಮೆದು ಮಣ್ಣು ಹಾಕಿ ಮುಚ್ಚುತ್ತಾರೆ. ಸಾಮಾನ್ಯ ನೆಲದಲ್ಲಿ ಪೈಪಿನ ಮೇಲೆ ಕನಿಷ್ಠ 1 ಮೀಟರ್ ಮಣ್ಣು ಇರಬೇಕು. ಕೊನೆಗೆ ಪೈಪಿನಲ್ಲಿ ನೀರು ತುಂಬಿಸಿ, ಮುಂದೆ ಅನಿಲ ಹರಿಯುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಸಾಮಾನ್ಯವಾಗಿ 24 ಗಂಟೆ ಹಿಡಿದಿಟ್ಟು ನೋಡುತ್ತಾರೆ.

ಈ ಒಂದೊಂದು ಹಂತದಲ್ಲೂ ಒಂದು ಕಾಗದವಿದೆ, ಅದರಲ್ಲಿ ಗುತ್ತಿಗೆದಾರನ ಸಹಿ ಮತ್ತು ಮೇಲ್ವಿಚಾರಕನ ಸಹಿ ಇರುತ್ತದೆ. ಕಟ್ಟಡ ಕಟ್ಟಿದರೆ ಗೋಡೆಯ ಬಿರುಕು ದಾರಿಹೋಕನಿಗೂ ಕಾಣುತ್ತದೆ. ಇಲ್ಲಿ ಮಣ್ಣು ಮುಚ್ಚಿದ ಮೇಲೆ ಕೆಳಗೇನಿದೆ ಎಂದು ಹೇಳುವುದು ಆ ಕಾಗದವೇ. ನಲವತ್ತು, ಐವತ್ತು ವರ್ಷ ಆ ಪೈಪಿನ ಮೇಲೆ ಜನ ಓಡಾಡುತ್ತಾರೆ, ಮಕ್ಕಳು ಆಡುತ್ತಾರೆ. ನಿಮ್ಮ ಹೆಸರು ಅವರಿಗೆ ಗೊತ್ತಿರುವುದಿಲ್ಲ. ನಿಮ್ಮನ್ನು ನೋಡದೆಯೇ ಅವರು ತಮ್ಮ ಪ್ರಾಣವನ್ನು ನಿಮ್ಮ ಕೈಗೆ ಕೊಟ್ಟಿರುತ್ತಾರೆ. ನಮ್ಮ ಧರ್ಮದಲ್ಲಿ ಇದಕ್ಕೆ ಅಮಾನತ್ ಎಂಬ ಹೆಸರಿದೆ. ಅಮಾನತ್ ಎಂದರೆ ನೆರೆಯವನು ಇಟ್ಟುಹೋದ ಚಿನ್ನ ಮಾತ್ರ ಎಂದು ನಾವು ತಿಳಿದಿದ್ದೇವೆ. ಸೈಟಿನ ರಿಜಿಸ್ಟರಿನಲ್ಲಿ ಹಾಕುವ ಸಹಿಯೂ ಅಮಾನತ್ತೇ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಸೌದಿಯ ಮರುಭೂಮಿಯ ಒಂದು ಸೈಟಿನಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಕಂಪನಿಯ ಹೆಸರು ಬೇಡ. ರಮಝಾನ್ ತಿಂಗಳು. ಅಂದು ಒಂದು ಭಾಗದ ಪೈಪನ್ನು ಟ್ರೆಂಚಿಗೆ ಇಳಿಸುವಾಗ ನಾನು ಇನ್ನೊಂದು ಕಡೆ ವೆಲ್ಡಿಂಗ್ ನೋಡುತ್ತಿದ್ದೆ. ನಾನು ಬರುವಷ್ಟರಲ್ಲಿ ಮೆದು ಮಣ್ಣು ಹಾಕಿಯಾಗಿತ್ತು. ಗುತ್ತಿಗೆದಾರನ ಫೋರ್‌ಮನ್ ಕಾಗದ ತಂದು, "ಎಲ್ಲ ಸರಿಯಾಗಿದೆ ಸಾಹೇಬರೇ, ಇಫ್ತಾರಿಗೆ ಹೊತ್ತಾಯಿತು" ಎಂದ. ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು. ನನಗೂ ಹಸಿವು, ದಣಿವು. ಹನ್ನೊಂದು ಜಾಯಿಂಟುಗಳಿಗೆ ಸಹಿ ಹಾಕಿಬಿಟ್ಟೆ. ಆ ಕಾಗದದಲ್ಲಿ "ಖುದ್ದಾಗಿ ನೋಡಿದ್ದೇನೆ" ಎಂಬ ಅರ್ಥದ ಸಾಲು ಇತ್ತು.

ಇಫ್ತಾರ್ ಆಯಿತು, ತರಾವೀಹ್ ಆಯಿತು. ನಮಾಝಿನಲ್ಲಿ ನಿಂತಾಗ ಆ ಸಾಲೇ ನೆನಪಿಗೆ ಬರುತ್ತಿತ್ತು. ಹಗಲಿಡೀ ನೀರು ಕುಡಿಯದೆ ಇದ್ದವನು ಸಂಜೆ ಒಂದು ಸುಳ್ಳಿಗೆ ಸಹಿ ಹಾಕಿದ್ದೆ. ಸಹರಿ ಊಟ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಹೋಗಿ ನನ್ನ ಮೇಲಧಿಕಾರಿಗೆ ನಡೆದದ್ದನ್ನು ಹೇಳಿದೆ. ಅವರು ಬೈದರು, ಆದರೆ ಮಣ್ಣು ತೆಗೆಸಲು ಒಪ್ಪಿದರು. ಒಂದೂವರೆ ದಿನದ ಕೆಲಸ ಹಾಳಾಯಿತು. ಹತ್ತು ಜಾಯಿಂಟುಗಳು ಸರಿಯಾಗಿದ್ದವು. ಹನ್ನೊಂದನೆಯದರ ಹೊದಿಕೆ ಅಂಗೈಯಗಲ ಕಿತ್ತುಹೋಗಿತ್ತು. ಇಳಿಸುವಾಗ ಪೈಪ್ ತೂಗಾಡಿ ಟ್ರೆಂಚಿನ ಬದಿಯ ಬಂಡೆಗೆ ತಗುಲಿತ್ತು.

ನಾನು ನಿಮಗೆ ಹೇಳಬೇಕೆಂದಿರುವುದು ಇದರ ಮುಂದಿನ ಸಂಗತಿ. ಹಗ್ಗ ಹಿಡಿದಿದ್ದ ಬಿಹಾರದ ಹುಡುಗನೊಬ್ಬ ಅದನ್ನು ಕಣ್ಣಾರೆ ನೋಡಿದ್ದ. "ಯಾಕಪ್ಪಾ ಹೇಳಲಿಲ್ಲ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಹೋದ ತಿಂಗಳು ಒಬ್ಬ ಹೇಳಿದ್ದ, ಅವನ ಎರಡು ದಿನದ ಸಂಬಳ ಕಡಿದರು" ಎಂದ. ಆ ಮಾತು ನನಗೆ ಗೊತ್ತೇ ಇರಲಿಲ್ಲ. ದಿನಾ ಅದೇ ಸೈಟಿನಲ್ಲಿದ್ದೆ. ಪೈಪಿನ ದಪ್ಪ ಅಳೆದೆ, ಮಣ್ಣಿನ ಆಳ ಅಳೆದೆ. ನಿಜ ಹೇಳಿದವನಿಗೆ ಇಲ್ಲಿ ಏನಾಗುತ್ತದೆ ಎಂದು ಒಂದು ದಿನವೂ ವಿಚಾರಿಸಿರಲಿಲ್ಲ.

ಹೀಗೆ ಬಾಯಿ ಮುಚ್ಚಿದರೆ ಏನಾಗುತ್ತದೆ? ಬೆಲ್ಜಿಯಂ ದೇಶದ ಗಿಲಾಂಘಿಯೆನ್ ಎಂಬಲ್ಲಿ 2004ರ ಜುಲೈ 30ರಂದು ದೊಡ್ಡ ಗ್ಯಾಸ್ ಪೈಪ್‌ಲೈನ್ ಸ್ಫೋಟಿಸಿ 24 ಮಂದಿ ಸತ್ತರು. ಅಲ್ಲಿ ಕಾರ್ಖಾನೆಯ ನಿರ್ಮಾಣ ಕಾಮಗಾರಿ ನಡೆದಿತ್ತು. ಸ್ಫೋಟಕ್ಕೆ ಕೆಲವು ವಾರಗಳ ಮೊದಲೇ ಒಂದು ಯಂತ್ರ ಪೈಪನ್ನು ಕೆರೆದು ಲೋಹ ತೆಳುವಾಗಿತ್ತು. ಅಂದೇ ಅದು ಪೈಪ್ ಕಂಪನಿಗೆ ತಿಳಿದಿದ್ದರೆ ಒತ್ತಡ ಇಳಿಸಿ ದುರಸ್ತಿ ಮಾಡಬಹುದಿತ್ತು. ತಿಳಿಯಲಿಲ್ಲ. ಒತ್ತಡ ಏರಿದ ದಿನ ಪೈಪ್ ಬಾಯಿ ಬಿಟ್ಟಿತು.

ಸುಳ್ಳು ಕಾಗದ ಏನು ಮಾಡುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಊರಿನಲ್ಲಿ 2010ರ ಸೆಪ್ಟೆಂಬರ್ 9ರ ಸಂಜೆ ಗ್ಯಾಸ್ ಪೈಪ್ ಒಡೆದು 8 ಜನ ಸತ್ತರು, 38 ಮನೆಗಳು ನಾಶವಾದವು. ಪೈಪ್ ಹೂಳಿದ್ದು 1956ರಲ್ಲಿ. ತನಿಖೆಯಲ್ಲಿ ತಿಳಿದದ್ದೇನೆಂದರೆ, ಅಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿದ್ದರು, ಉದ್ದದ ವೆಲ್ಡಿಂಗ್ ಒಳಗಿನಿಂದ ಪೂರ್ತಿ ಆಗಿರಲಿಲ್ಲ. ಕಂಪನಿಯ ದಾಖಲೆಯಲ್ಲಿ ಮಾತ್ರ ಅದು ಬೆಸುಗೆಯೇ ಇಲ್ಲದ ಪೈಪ್ ಎಂದು ಬರೆದಿತ್ತು. 54 ವರ್ಷ ಆ ಕಾಗದವನ್ನು ಎಲ್ಲರೂ ನಂಬಿದರು. 1956ರಲ್ಲಿ ಆ ಪೈಪಿನ ಬಳಿ ನಿಂತಿದ್ದವರಿಗೆ ಆ ದೋಷ ಕಾಣಬಹುದಾಗಿತ್ತು. ಸತ್ತ ಎಂಟು ಜನರಲ್ಲಿ ಪೈಪ್ ಹೂಳುವಾಗ ಹುಟ್ಟಿಯೇ ಇರದಿದ್ದ ಮಕ್ಕಳೂ ಇದ್ದರು.

ನಮ್ಮ ದೇಶದಲ್ಲೂ ಇಂತಹ ದುರಂತವಾಗಿದೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ತುಕ್ಕು ಹಿಡಿದ ಪೈಪಿನಿಂದ ಅನಿಲ ಸೋರಿ ಬೆಂಕಿ ಹತ್ತಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪೈಪ್ ಹೂಳಿದ ಮೇಲೂ ಉಸ್ತುವಾರಿ ಮುಗಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಮೇಲ್ವಿಚಾರಕ ಏನು ಮಾಡಬೇಕು? ನನ್ನ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಒಂದು, ಕಣ್ಣಿಂದ ನೋಡದ್ದಕ್ಕೆ ಸಹಿ ಹಾಕಬೇಡಿ. ನಿಮ್ಮ ಕೈಕೆಳಗಿನ ಇನ್‌ಸ್ಪೆಕ್ಟರ್ ನೋಡಿದ್ದರೆ ಅವನ ಸಹಿ ಇರಲಿ, ಅವನ ಮೇಲೆ ನಿಮ್ಮ ಸಹಿ ಇರಲಿ. ಅವನಿಗೆ ಒಂದೇ ದಿನ ನಾಲ್ಕು ಕಡೆ ಕೆಲಸ ಕೊಟ್ಟು ಎಲ್ಲದಕ್ಕೂ ಸಹಿ ಕೇಳಿದರೆ, ಅವನಿಂದ ಸುಳ್ಳು ಬರೆಸುವವರು ನೀವೇ ಆಗುತ್ತೀರಿ.

ಎರಡು, ಗುತ್ತಿಗೆದಾರನ ಜೊತೆ ಸ್ನೇಹವಿರಲಿ, ಋಣ ಬೇಡ. ಅವನು ಬಿರಿಯಾನಿ ಕಳುಹಿಸುತ್ತಾನೆ, ರಜೆಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಕಾರು ಕೊಡುತ್ತಾನೆ. ಕೆಟ್ಟ ಉದ್ದೇಶದಿಂದಲೇ ಎಂದೇನಿಲ್ಲ. ಆದರೆ ಅವನ ಕಾರಿನಲ್ಲಿ ಕುಳಿತು ಬಂದವನಿಗೆ ಮಾರನೆಯ ದಿನ ಅವನ ಜಾಯಿಂಟನ್ನು ಕತ್ತರಿಸಿ ಎನ್ನಲು ನಾಲಗೆ ಏಳುವುದಿಲ್ಲ.

ಮೂರು, ಕೂಲಿಯ ಲೆಕ್ಕ ನೋಡಿ. ಕೆಲಸಗಾರನ ಕೂಲಿಯ ಬಗ್ಗೆ ನಮ್ಮ ಪ್ರವಾದಿಯವರು(ಸ) ಏನು ಹೇಳಿದ್ದಾರೆಂದು ಇಲ್ಲಿರುವ ಮದ್ರಸದ ಮಗುವಿಗೂ ಗೊತ್ತು. ನಮ್ಮ ದೇಶದ ಕಾನೂನೂ ಅದನ್ನೇ ಹೇಳುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ವಿಧಿಸಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಮೂರು ತಿಂಗಳು ಸಂಬಳ ಸಿಗದ ವೆಲ್ಡರನ ಕೈ ಸ್ಥಿರವಾಗಿರುವುದಿಲ್ಲ. ದಿನಕ್ಕೆ ಇಷ್ಟು ಜಾಯಿಂಟ್ ಆಗಲೇಬೇಕೆಂದು ಹೆದರಿಸಿದರೆ ಅಷ್ಟು ಜಾಯಿಂಟ್ ಆಗುತ್ತವೆ, ಆದರೆ ಎಂತಹವು ಎಂದು ಕೇಳಬೇಡಿ.

ನಾಲ್ಕು, ಟ್ರೆಂಚಿನಲ್ಲಿ ಮನುಷ್ಯನನ್ನು ಇಳಿಸುವ ಮುನ್ನ ಅದರ ಗೋಡೆ ನೋಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತರೂ ಉಸಿರಾಡಲು ಆಗುವುದಿಲ್ಲ. ಒಂದೂವರೆ ಮೀಟರಿಗಿಂತ ಆಳವಿದ್ದರೆ ಬದಿಯನ್ನು ಇಳಿಜಾರು ಮಾಡಬೇಕು ಅಥವಾ ಆನಿಕೆ ಕೊಡಬೇಕು. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು, ಹತ್ತಿ ಬರಲು ಏಣಿ ಇರಬೇಕು. ನಮ್ಮ ಕರಾವಳಿಯ ಮಳೆಗೆ ಜಂಬಿಟ್ಟಿಗೆಯ ಮಣ್ಣು ಬೆಳಿಗ್ಗೆ ಗಟ್ಟಿಯಾಗಿ ಕಂಡರೂ ಮಧ್ಯಾಹ್ನ ಜರಿಯುತ್ತದೆ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಮೂರು ಗಂಟೆಯನ್ನು ಕದಿಯುವ ಫೋರ್‌ಮನ್ನರನ್ನು ತಡೆಯುವುದೂ ನಿಮ್ಮ ಕೆಲಸ.

ಐದು, ಜಮೀನಿನವನನ್ನು ಮರೆಯಬೇಡಿ. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಭೂಮಿ ಅವನದಾಗಿಯೇ ಉಳಿಯುತ್ತದೆ, ಸರಕಾರ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಆದರೆ ಆ ಪಟ್ಟಿಯ ಮೇಲೆ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಐದು ಸೆಂಟ್ಸ್ ಜಾಗದವನಿಗೆ ಇದು ಚಿಕ್ಕ ಮಾತಲ್ಲ. 2017ರ ನವೆಂಬರಿನಲ್ಲಿ ಕೇರಳದ ಮುಕ್ಕಂ ಬಳಿ ಈ ಲೈನಿನ ವಿರುದ್ಧ ದೊಡ್ಡ ಪ್ರತಿಭಟನೆ ನಡೆದದ್ದು ನಿಮಗೆ ನೆನಪಿರಬಹುದು. ಸೈಟಿನಲ್ಲಿ ಜನ ಮೊದಲು ಕಾಣುವುದು ಮೇಲ್ವಿಚಾರಕನನ್ನು. ಅವರ ಪ್ರಶ್ನೆಗೆ ನಿಂತು ಉತ್ತರ ಕೊಡಿ. ಕೆಡವಿದ ಕಲ್ಲುಕಟ್ಟೆಯನ್ನು ಕಟ್ಟಿಸಿಕೊಟ್ಟು, ಮೇಲ್ಮಣ್ಣನ್ನು ಮೇಲಕ್ಕೇ ಹಾಕಿಸಿ ಹೋಗಿ.

ಕೊನೆಯ ಮಾತು, ನಾನು ಆ ಹುಡುಗನಿಂದ ಕಲಿತದ್ದು. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಎದುರು ನನ್ನ ತಪ್ಪನ್ನು ನಾನೇ ಹೇಳಿದೆ. ನೋಡದೆ ಸಹಿ ಹಾಕಿದ್ದೆ, ಕ್ಷಮಿಸಿ ಎಂದೆ. ತಪ್ಪು ತೋರಿಸಿದವನ ಸಂಬಳ ಕಡಿದರೆ ಆ ದಿನದ ಯಾವ ಕಾಗದಕ್ಕೂ ನನ್ನ ಸಹಿ ಇಲ್ಲ ಎಂದು ಗುತ್ತಿಗೆದಾರನಿಗೆ ಬರೆದುಕೊಟ್ಟೆ. ಹಿಂದೆ ಕಡಿದಿದ್ದ ಎರಡು ದಿನದ ಸಂಬಳವನ್ನು ತಿರುಗಿ ಕೊಡಿಸಲು ಒಂದು ತಿಂಗಳು ಬೇಕಾಯಿತು. ಆಮೇಲೆ ಹೆಲ್ಪರುಗಳು ಒಬ್ಬೊಬ್ಬರಾಗಿ ಬಂದು, "ಅಲ್ಲೊಮ್ಮೆ ನೋಡಿ" ಎನ್ನತೊಡಗಿದರು. ನನ್ನ ಎರಡು ಕಣ್ಣಿನ ಜೊತೆ ನಲವತ್ತು ಜೊತೆ ಕಣ್ಣು ಸೇರಿದವು.

ಮಕ್ಕಳೇ, ವೆಲ್ಡಿಂಗ್ ಇನ್‌ಸ್ಪೆಕ್ಷನ್ ಕಲಿಯಿರಿ, ಪರೀಕ್ಷೆಗಳನ್ನು ಪಾಸು ಮಾಡಿ, ಸರ್ಟಿಫಿಕೇಟ್ ಪಡೆಯಿರಿ. ಅವಿಲ್ಲದೆ ಈ ಕೆಲಸಕ್ಕೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆದ ಮೇಲೆ ನಿಮ್ಮ ಕೈಗೆ ಒಂದು ಪೆನ್ನು ಬರುತ್ತದೆ. ಮಣ್ಣು ಮುಚ್ಚಿದ ಮೇಲೆ ಮನುಷ್ಯರು ಯಾರೂ ನೋಡುವುದಿಲ್ಲ ಎಂದು ಆ ಫೋರ್‌ಮನ್ ತಿಳಿದಂತೆ ನಾನೂ ಒಂದು ಸಂಜೆ ತಿಳಿದಿದ್ದೆ. ಮಣ್ಣಿನ ಕೆಳಗಿರುವುದನ್ನೂ ನೋಡುವವನೊಬ್ಬನಿದ್ದಾನೆ ಎಂದು ನಂಬುವವರು ನಾವು. ಆ ನಂಬಿಕೆ ನಮ್ಮ ಸಹಿಯಲ್ಲಿ ಕಾಣಲಿ. ಅಲ್ಲಾಹನು ನಮ್ಮೆಲ್ಲರಿಗೆ ಅದಕ್ಕೆ ಬೇಕಾದ ಶಕ್ತಿ ಕೊಡಲಿ, ಆಮೀನ್.