ತರಗತಿಯ ಮೂಲೆಯಲ್ಲೊಂದು ಪುಸ್ತಕದ ಪೆಟ್ಟಿಗೆ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಇಂದು ವೇದಿಕೆಗೆ ಬಂದ ಮಕ್ಕಳೆಲ್ಲ ಎಸೆಸೆಲ್ಸಿ ದಾಟಿದವರು. ಅವರನ್ನು ನೋಡಿ ನಮಗೆಲ್ಲ ಸಂತೋಷವಾಗಿದೆ. ಅಲ್‌ಹಮ್ದುಲಿಲ್ಲಾಹ್. ಆದರೆ ಇದೇ ಸಾಲಿನಲ್ಲಿ ನಿಲ್ಲಬೇಕಾಗಿದ್ದ ಕೆಲವು ಮಕ್ಕಳು ಇಲ್ಲಿಗೆ ಬಂದಿಲ್ಲ. ಅವರು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ನಾಲ್ಕನೇ, ಐದನೇ ತರಗತಿಯಲ್ಲೇ ಓದು ಅವರ ಕೈತಪ್ಪಿ ಹೋಗಿತ್ತು. ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿದ್ದರಲ್ಲಿ ಏನಿದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಎಂಟನೇ ತರಗತಿಗೆ ಬರುವಾಗ ವಿಜ್ಞಾನ, ಸಮಾಜ ಎಲ್ಲವೂ ಭಾರವಾಯಿತು. ಮತ್ತೆ ಶಾಲೆಯೇ ಬೇಡವೆನಿಸಿತು. ಅಂಥವರ ಮನೆಗೆ ನಮ್ಮ ವಿದ್ಯಾರ್ಥಿವೇತನದ ಅರ್ಜಿ ತಲುಪುವುದೇ ಇಲ್ಲ.

ಇದಕ್ಕೆ ಬಡತನವೊಂದೇ ಕಾರಣವಲ್ಲ. ನಮ್ಮ ಕರಾವಳಿಯ ಮಗು ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಮಾತನಾಡುತ್ತದೆ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆ ಕಿವಿಗೆ ಬೀಳುವುದು ಒಂದು ಸಂಪತ್ತೇ. ಆದರೆ ಆ ಮಗುವಿಗೆ ಕನ್ನಡ ಓದಲು ಸಿಗುವುದು ಪಠ್ಯಪುಸ್ತಕದಲ್ಲಿ ಮಾತ್ರ. ಪಠ್ಯಪುಸ್ತಕದ ಹಿಂದೆ ಪರೀಕ್ಷೆ ಇದೆ, ಭಯ ಇದೆ. ಖುಷಿಗಾಗಿ ಓದುವ ಒಂದು ಪುಸ್ತಕವೂ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಆದ್ದರಿಂದ ನಾವು ಕೆಲವು ಶಿಕ್ಷಕರು ಸೇರಿ ತರಗತಿಗೊಂದು ಪುಸ್ತಕದ ಪೆಟ್ಟಿಗೆ ಇಡುವ ಕೆಲಸಕ್ಕೆ ಇಳಿದೆವು. ಶಾಲೆಯಲ್ಲಿ ಗ್ರಂಥಾಲಯದ ಕಪಾಟು ಇದ್ದೇ ಇತ್ತು. ಆದರೆ ಅದಕ್ಕೆ ಬೀಗ, ಬೀಗದ ಕೈ ಆಫೀಸಿನಲ್ಲಿ. ಮಗುವಿನ ಕೈಗೆ ಎಟಕುವಲ್ಲಿ ಪುಸ್ತಕ ಇರಬೇಕು ಎಂಬುದು ನಮ್ಮ ಆಸೆಯಾಗಿತ್ತು. ಶುಕ್ರವಾರ ಜುಮಾ ನಮಾಝಿನ ನಂತರ ಮಸೀದಿಯ ಹೊರಗೆ ಹೇಳಿದೆವು, ಮದುವೆ ಮನೆಗಳಲ್ಲಿ ಹೇಳಿದೆವು, ಹಳೆಯ ವಿದ್ಯಾರ್ಥಿಗಳಿಗೆ ವಾಟ್ಸಾಪಿನಲ್ಲಿ ಬರೆದೆವು. ಜನ ಧಾರಾಳವಾಗಿ ಕೊಟ್ಟರು. ಗೋಣಿಚೀಲಗಳು ಬಂದವು.

ಚೀಲ ಬಿಚ್ಚಿದಾಗ ಒಂದು ವಿಷಯ ತಿಳಿಯಿತು. ಹೆಚ್ಚಿನವು ಹಳೆಯ ಗೈಡುಗಳು, ಬದಲಾದ ಪಠ್ಯಕ್ರಮದ ಪುಸ್ತಕಗಳು, ಸಿಇಟಿ ಪ್ರಶ್ನೆಪತ್ರಿಕೆಗಳು, ಹಳೆಯ ಡೈರಿಗಳು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಎಂಟು ವರ್ಷದ ಹುಡುಗಿ ಅದರಲ್ಲಿ ಏನು ಓದಿಯಾಳು? ಆಮೇಲೆ ನಾವು ಕೇಳುವ ರೀತಿ ಬದಲಿಸಿದೆವು. ದೊಡ್ಡ ಅಕ್ಷರದ, ಚಿತ್ರವಿರುವ, ಒಂದು ಕೂರಿನಲ್ಲಿ ಓದಿ ಮುಗಿಸಬಹುದಾದ ಕಥೆ ಪುಸ್ತಕ ಬೇಕು ಎಂದೆವು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದಂಥ ಪ್ರಕಾಶಕರಲ್ಲಿ ಮಕ್ಕಳ ಪುಸ್ತಕಗಳು ಹೆಚ್ಚು ಬೆಲೆಯಿಲ್ಲದೆ ಸಿಗುತ್ತವೆ. ನಮ್ಮ ಪುತ್ತೂರಿನ ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯವರ ಬಗ್ಗೆ ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ. ಇದನ್ನು ಬರೆದವರು ನಮ್ಮ ಜಿಲ್ಲೆಯವರೇ ಎಂದು ಹೇಳಿದರೆ ಮಕ್ಕಳು ಪುಸ್ತಕ ಹಿಡಿಯುವ ರೀತಿಯೇ ಬೇರೆಯಾಗುತ್ತದೆ.

ಪುಸ್ತಕಗಳಿಗೆ ಬ್ರೌನ್ ಪೇಪರ್ ಹಾಕಿ, ನಂಬರ್ ಬರೆದು, ಒಂದು ನೋಟ್‌ಬುಕ್ಕನ್ನೇ ರಿಜಿಸ್ಟರ್ ಮಾಡಿದೆವು. ಅದರ ಜವಾಬ್ದಾರಿ ಮಕ್ಕಳದ್ದೇ. ಶನಿವಾರ ಪುಸ್ತಕ ಮನೆಗೆ, ಸೋಮವಾರ ವಾಪಸು. ಹರಿದರೆ ದಂಡವಿಲ್ಲ, ಹರಿದವನೇ ಗೋಂದು ಹಚ್ಚಿ ಅಂಟಿಸಬೇಕು. ದಂಡ ಹಾಕಿದರೆ ಬಡವರ ಮಗು ಪುಸ್ತಕ ಮುಟ್ಟಲು ಹೆದರುತ್ತದೆ. ಮನೆಗೆ ಹೋದ ಪುಸ್ತಕವನ್ನು ತಮ್ಮ ತಂಗಿಯರೂ ನೋಡುತ್ತಾರೆ, ಬೀಡಿ ಕಟ್ಟುತ್ತಾ ಉಮ್ಮ ಕೇಳಿಸಿಕೊಳ್ಳುತ್ತಾರೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದವರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಹೊಸದರಂತೆ ಉಳಿದ ಪುಸ್ತಕವನ್ನು ಯಾರೂ ಓದಿಲ್ಲ ಎಂದೇ ನಾವು ತಿಳಿಯುತ್ತೇವೆ.

ಇಂಥ ಕೆಲಸ ಹಣವಂತರದು, ಕಲಿತವರದು ಎಂದು ಕೆಲವರು ಭಾವಿಸುತ್ತಾರೆ. ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರನ್ನು ನೆನೆಯಿರಿ. ಓದುವ ಅವಕಾಶ ಸಿಗದೆ ಕೂಲಿ ಮಾಡಿ ಬದುಕಿದವರು ಬಡಾವಣೆಯ ಜನರಿಗಾಗಿ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಸುಮಾರು 11,000 ಪುಸ್ತಕಗಳು ಬೂದಿಯಾದವು. ಹೆಚ್ಚಿನವು ಕನ್ನಡದವು; ಕುರ್‌ಆನ್, ಭಗವದ್ಗೀತೆ, ಬೈಬಲ್‌ಗಳ ಪ್ರತಿಗಳೂ ಇದ್ದವು. ತನಗೆ ಸಿಗದ ಓದು ಇನ್ನೊಬ್ಬರಿಗೆ ಸಿಗಲಿ ಎಂಬ ಮನಸ್ಸಿಗೆ ಯಾವ ಡಿಗ್ರಿಯೂ ಬೇಕಾಗಿಲ್ಲ.

ಪ್ರವಾದಿವರ್ಯರಿಗೆ(ಸ) ಅವತೀರ್ಣವಾದ ಮೊದಲ ಪದವೇ ಓದಿನ ಆದೇಶ. ಮರಣದ ನಂತರವೂ ನಿಲ್ಲದ ಕರ್ಮಗಳಲ್ಲಿ ನಿರಂತರ ದಾನವನ್ನೂ ಉಪಕಾರವಾಗುವ ಜ್ಞಾನವನ್ನೂ ಅವರು ಎಣಿಸಿದ್ದಾರೆ. ಮಗುವಿನ ಕೈಯಲ್ಲಿರುವ ಪುಸ್ತಕದಲ್ಲಿ ಈ ಎರಡೂ ಸೇರಿವೆ. ಝಕಾತಿಗೆ ಅದರದೇ ಹಕ್ಕುದಾರರಿದ್ದಾರೆ. ಆ ಹಣವನ್ನು ನಾವು ಕೇಳುತ್ತಿಲ್ಲ. ನಿಮ್ಮ ಸದಕಾದಲ್ಲಿ ಒಂದು ಪಾಲು ಕೇಳುತ್ತಿದ್ದೇವೆ.

ಕೊನೆಯದಾಗಿ ಮೂರು ವಿನಂತಿ. ದಾನಿಗಳೇ, ಕಪಾಟು ಖಾಲಿ ಮಾಡಲು ಪುಸ್ತಕ ಕೊಡಬೇಡಿ. ನಿಮ್ಮ ಮಗುವಿಗೆ ಆರಿಸುವಂತೆ ಆರಿಸಿ ಒಂದೇ ಒಂದು ಕೊಡಿ, ಸಾಕು. ಹೆತ್ತವರೇ, 2020ರಲ್ಲಿ ಸರಕಾರ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿವೆ. ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಅಲ್ಲಿಗೆ ಕರೆದುಕೊಂಡು ಹೋಗಿ. ವಿದ್ಯಾರ್ಥಿವೇತನ ಪಡೆದ ಮಕ್ಕಳೇ, ವಾರದಲ್ಲಿ ಒಂದು ಗಂಟೆ ನಿಮ್ಮ ಊರಿನ ಶಾಲೆಗೆ ಹೋಗಿ, ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಒಂದು ಕಥೆ ಓದಿ ಹೇಳಿ. ನಿಮ್ಮ ಅಣ್ಣ ಅಕ್ಕಂದಿರ ಕಾಲದಲ್ಲಿ ಕೈತಪ್ಪಿದ್ದು ನಿಮ್ಮ ತಮ್ಮ ತಂಗಿಯರ ಕಾಲದಲ್ಲಿ ತಪ್ಪಬಾರದು.

ಅಲ್ಲಾಹನು ನಮ್ಮೆಲ್ಲರ ಈ ಚಿಕ್ಕ ಪ್ರಯತ್ನವನ್ನು ಸ್ವೀಕರಿಸಲಿ, ಆಮೀನ್. ವಸ್ಸಲಾಮ್.