ಎಲ್ಲರ ದನಿ ಒಂದೇ ಕಡೆಯಿಂದ ಬಂದರೆ

ಭಾನುವಾರ ಬೆಳಗ್ಗೆ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕೂತಿದ್ದೀರಾ? ಲೋಟ-ತಟ್ಟೆ ಸದ್ದು, ಪಕ್ಕದ ಟೇಬಲಿನ ಮರಾಠಿ, ಗುಜರಾತಿ. ಆದರೂ ಎದುರಿಗಿರೋ ಗೆಳೆಯನ ಕನ್ನಡ ಸ್ಪಷ್ಟವಾಗಿ ಕೇಳುತ್ತೆ. 1953ರಲ್ಲಿ ಕಾಲಿನ್ ಚೆರಿ ಇದನ್ನೇ 'ಕಾಕ್‌ಟೇಲ್ ಪಾರ್ಟಿ' ಸಮಸ್ಯೆ ಅಂದರು. ಬಲಗಡೆಯ ದನಿ ಎಡಗಿವಿಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ ತಡವಾಗಿ, ಸ್ವಲ್ಪ ಮೆತ್ತಗೆ ತಲುಪುತ್ತೆ. ಅಷ್ಟರಲ್ಲೇ ಮೆದುಳು ದಿಕ್ಕು ಹಿಡಿದುಬಿಡುತ್ತೆ.

ಸಾಮಾನ್ಯ ವಿಡಿಯೋ ಕಾಲಿನಲ್ಲಿ ಈ ದಿಕ್ಕೇ ಇರಲ್ಲ. ಎಲ್ಲರ ದನಿಯೂ ಕಲೆತು ಮೊನೋ ಆಗಿ ಬರುತ್ತೆ. ನಾನು ಠಾಣೆಯಲ್ಲಿ, ಅಕ್ಕ ಬೆಂಗಳೂರಲ್ಲಿ, ತಮ್ಮ ಪುಣೆಯಲ್ಲಿ, ಅಪ್ಪ ಹಾಸನದಲ್ಲಿ. ನಾವು ಮೂವರೂ ಒಟ್ಟಿಗೆ ಮಾತಾಡಿದರೆ ಅಪ್ಪ ಸುಮ್ಮನಾಗಿಬಿಡೋರು. ಕಿವಿ ಮಂದವಾಯ್ತೇನೋ ಅಂದುಕೊಂಡ್ವಿ.

ಒಂದು ವೀಕೆಂಡ್ ಕೂತು, ಬ್ರೌಸರಿನ ವೆಬ್ ಆಡಿಯೋದಲ್ಲಿರುವ ಪ್ಯಾನರ್ ನೋಡ್ ಬಳಸಿ ಚಿಕ್ಕ ಕಾಲಿಂಗ್ ಪೇಜ್ ಮಾಡಿದೆ. ಅಕ್ಕ ಎಡಕ್ಕೆ, ನಾನು ಎದುರಿಗೆ, ತಮ್ಮ ಬಲಕ್ಕೆ. ಊರಲ್ಲಿ ಊಟಕ್ಕೆ ಕೂರುತ್ತಿದ್ದ ಹಾಗೆ. ಅಪ್ಪನಿಗೆ ವೈರಿನ ಇಯರ್‌ಫೋನ್ ಕಳಿಸಿದೆ. ಎಷ್ಟೋ ಬ್ಲೂಟೂತ್ ಹೆಡ್‌ಸೆಟ್‌ಗಳು ಮೈಕ್ ಆನ್ ಆದ ಕೂಡಲೇ ಮೊನೋಗೆ ಇಳಿಯುತ್ತವೆ.

ಮುಂದಿನ ಭಾನುವಾರ ಅಪ್ಪ ನಡುವೆ ಬಾಯಿ ಹಾಕಿದರು: "ಏಯ್, ಇರ್ರೋ, ಮೊದಲು ಅವಳು ಹೇಳಿ ಮುಗಿಸ್ಲಿ."

ನೆಟ್‌ವರ್ಕಿನ ತಡ ಇದರಿಂದ ಸರಿಹೋಗಲ್ಲ, ನಿಜ. ಆದರೆ ಟೀಮ್ಸ್‌ನಲ್ಲಿ 2023ರಿಂದಲೇ ಸ್ಪೇಷಿಯಲ್ ಆಡಿಯೋ ಇದೆ. ಕಾಲಿನಲ್ಲಿ ಯಾರಾದರೂ ಸುಮ್ಮನಿದ್ದರೆ, ಅವರಿಗೆ ಆಸಕ್ತಿ ಇಲ್ಲ ಅನ್ನೋ ಮೊದಲು ಇದನ್ನೊಮ್ಮೆ ಆನ್ ಮಾಡಿಸಿ ನೋಡಿ.