ಬೇಲಿಯ ಕಡ್ಡಿಯಲ್ಲೊಂದು ಪರಪುಟ್ಟ

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಕಂಡೇ ಹಿಂದಿನವರು ಅದನ್ನು ಪರಪುಟ್ಟವೆಂದು ಕರೆದರು. ದುಡಿಮೆಗೆ ಹೆಸರಾದ ಜೇನಿನ ಬಳಗದಲ್ಲೂ ಇಂಥವರುಂಟೆಂದರೆ ಶ್ರೋತೃಗಳು ನಂಬುವಿರೋ ಇಲ್ಲವೋ!

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಏರಿಯಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ಹೊಲದ ಬದುವಾಗಲಿ, ಲಂಟಾನದ ಮುರಿದೊಣಗಿದ ಕಡ್ಡಿಗಳನ್ನು ಗಮನಿಸಿ. ಒಳಗಿನ ಬೆಂಡನ್ನು ಕೊರೆದು ಮನೆ ಮಾಡಿಕೊಂಡ ಪುಟ್ಟ ಕರಿಯ ಜೇನು ಕಂಡೀತು. ಬ್ರೌನ್ಸಾಪಿಸ್ ಎಂಬುದು ಅದರ ಕುಲನಾಮ. ಇದಕ್ಕೆ ಮೇಣದ ಕೋಣೆಗಳಿಲ್ಲ, ಮಕ್ಕಳಿಗೆ ಬೇರೆ ಬೇರೆ ತೊಟ್ಟಿಲುಗಳಿಲ್ಲ. ಮರಿಗಳೆಲ್ಲ ಒಂದೇ ಕೊಳವೆಯಲ್ಲಿ ಒಟ್ಟಿಗೆ ಬೆಳೆಯುತ್ತವೆ. ತಾಯಿ ಹೊತ್ತುಹೊತ್ತಿಗೆ ಪರಾಗ ತಂದು ಉಣಿಸುತ್ತಾಳೆ. ಕೂಡುಕುಟುಂಬದಲ್ಲಿ ಎಲೆ ಎಣಿಸುವವರು ಯಾರು?

1990ರಲ್ಲಿ ರೆಯೆಸ್ ಮತ್ತು ಜಪಾನಿನ ಸಕಾಗಾಮಿ ಭಾರತದ ಹೊಸ ಜಾತಿಯೊಂದನ್ನು ವರ್ಣಿಸಿ ಬ್ರೌನ್ಸಾಪಿಸ್ ಕಾಲಿಯಾಗೊ ಎಂದು ಹೆಸರಿಟ್ಟರು. ಬ್ರೌನ್ಸಾಪಿಸ್ ಮಿಕ್ಸ್ಟ ಎಂಬ ಜೇನಿನ ಗೂಡಿನಲ್ಲಿ ಬಿಡಾರ ಹೂಡುವುದು ಇದರ ಕಸುಬು. ಬಂದವಳು ಪರಕೀಯಳಲ್ಲ, ಅದೇ ಕುಲದ ದಾಯಾದಿ! 1993ರಲ್ಲಿ ಸುಝಾನ್ ಬಾತ್ರ ಮತ್ತು ಸಂಗಡಿಗರು ಇದರ ನಡವಳಿಕೆಯ ವಿವರಗಳನ್ನು ಪ್ರಕಟಿಸಿದರು.

ಕರಿಮೈಗೆ ನೀಲಿ ಚುಕ್ಕೆಯಿಟ್ಟ ಥೈರಿಯಸ್ ಕೂಡ ಇಂಥದೇ. ನೀಲಿಪಟ್ಟೆಯ ಅಮೆಜಿಲ್ಲ ಜೇನು ನೆಲದಲ್ಲೋ ಮಣ್ಣುಗೋಡೆಯಲ್ಲೋ ತುಂಬಿಟ್ಟ ಬುತ್ತಿ ಇದರ ಮರಿಯ ಪಾಲು. ಹಾಗಾಗಿ ಈ ತಾಯಿಗೆ ಪರಾಗ ಹೊರುವ ಕೂದಲೂ ಬೇಕಿಲ್ಲ.

ಬೇಲಿ ಸವರಿ ಒಣಕಡ್ಡಿಗೆ ಬೆಂಕಿಯಿಡುವುದು ನಮ್ಮ ವಾಡಿಕೆ. ಹೂವಿಂದ ಹೂವಿಗೆ ಪರಾಗ ಸಾಗಿಸುವ ಜೇನಿನ ಸಂಸಾರ ಆ ಬೆಂಕಿಯಲ್ಲಿ ಬೇಯುತ್ತದೆ. ಅದನ್ನೇ ನಂಬಿ ಒಳಹೊಕ್ಕ ದಾಯಾದಿಗೂ ಬೇರೆ ಮನೆಯಿಲ್ಲ.